ಮೆಸೇಜು ತಲುಪುತ್ತಿತ್ತು, ಮಾತು ಒಡೆಯುತ್ತಿತ್ತು: ಒಂದು ಕಚೇರಿಯ ಫೋನ್ ಪ್ರಕರಣ

ನನ್ನನ್ನು ಕರೆಸುವ ಹೊತ್ತಿಗೆ ಆ ಕಚೇರಿಯಲ್ಲಿ ತೀರ್ಮಾನ ಆಗಿಹೋಗಿತ್ತು. ಫೋನ್, ಮೆಸೇಜು, ಮೀಟಿಂಗು ಎಲ್ಲಕ್ಕೂ ಸೇರಿಸಿ ಹೊಸದಾಗಿ ಹಾಕಿಸಿದ ಸಾಫ್ಟ್‌ವೇರ್ ಸರಿಯಿಲ್ಲ, ಬೇರೆಯದಕ್ಕೆ ಹೋಗಬೇಕು. ಹೋಗುವ ಮೊದಲು ಹೊರಗಿನವರೊಬ್ಬರು ನೋಡಿ ವರದಿ ಕೊಟ್ಟರೆ ಮೇಲಿನವರಿಗೆ ತೋರಿಸಬಹುದು ಎಂದು ವ್ಯವಸ್ಥಾಪಕರು ನನಗೆ ಫೋನ್ ಮಾಡಿದ್ದರು. ಆ ಐದು ನಿಮಿಷದ ಕರೆಯಲ್ಲೇ ಅವರ ಮಾತು ನಾಲ್ಕು ಸಲ ತುಂಡಾಯಿತು. ನನ್ನ ಮಾತು ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತಂತೆ. ಈ ಒಂದು ಸಂಗತಿಯನ್ನು ಅವತ್ತೇ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಮುಂದಿನ ಕೆಲವು ದಿನಗಳ ಅಲೆದಾಟ ತಪ್ಪುತ್ತಿತ್ತು.

ಕಚೇರಿಯ ಹೆಸರಾಗಲಿ ಸಾಫ್ಟ್‌ವೇರಿನ ಹೆಸರಾಗಲಿ ಇಲ್ಲಿ ಬೇಡ. ಯಾವ ಕಚೇರಿಯಲ್ಲೂ, ಯಾವ ಕಂಪನಿಯ ಸಾಫ್ಟ್‌ವೇರಿನಲ್ಲೂ ಇದೇ ಆಗಬಹುದಿತ್ತು. ಆದ್ದರಿಂದಲೇ ಇದನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಅಲ್ಲಿ ನೂರರ ಆಸುಪಾಸು ಜನ. ಗ್ರಾಹಕರ ಕರೆ ತೆಗೆದುಕೊಳ್ಳುವವರು ಒಂದು ಮಹಡಿಯಲ್ಲಿ, ವಿನ್ಯಾಸದವರು ಮತ್ತು ಲೆಕ್ಕಪತ್ರದವರು ಇನ್ನೊಂದರಲ್ಲಿ, ಕೆಲವರು ಮನೆಯಿಂದಲೇ ಕೆಲಸ. ಮೊದಲು ಮಾತಿಗೆ ಹಳೆಯ ಇಪಿಎಬಿಎಕ್ಸ್ (ಕಚೇರಿಯ ಸ್ವಂತ ಫೋನ್ ಎಕ್ಸ್‌ಚೇಂಜು), ಮೆಸೇಜಿಗೆ ಒಂದು ಆ್ಯಪ್, ಮೀಟಿಂಗಿಗೆ ಇನ್ನೊಂದು, ಫೈಲಿಗೆ ಕಚೇರಿಯೊಳಗಿನ ಸರ್ವರ್. ಇವೆಲ್ಲವನ್ನೂ ಒಂದೇ ಕಿಟಕಿಗೆ ತರುವ ಸಾಫ್ಟ್‌ವೇರ್ ಕೊಂಡರು. ನಿರ್ಧಾರ ತಪ್ಪಲ್ಲ. ಸಹೋದ್ಯೋಗಿಯ ಹೆಸರಿನ ಪಕ್ಕದ ಹಸಿರು ಚುಕ್ಕೆ ನೋಡಿ ಒಂದು ಸಾಲು ಬರೆಯುವುದು, ಬರೆದು ಮುಗಿಯದಿದ್ದರೆ ಅಲ್ಲೇ ಕರೆ ಮಾಡುವುದು, ಕರೆಗೆ ಮೂರನೆಯವರನ್ನು ಸೇರಿಸಿ ಅದನ್ನೇ ಮೀಟಿಂಗ್ ಮಾಡುವುದು, ಇದು ದಿನದ ಕೆಲಸವನ್ನು ಎಷ್ಟು ಹಗುರ ಮಾಡುತ್ತದೆ ಎಂಬುದು ಬಳಸಿದವರಿಗೆ ಗೊತ್ತು.

ಬದಲಾವಣೆಯ ಯೋಜನೆಯ ಕಡತವನ್ನು ನಾನು ಓದಿದೆ. ಶ್ರದ್ಧೆಯಿಂದ ಮಾಡಿದ ಕೆಲಸ. ಯಾರಿಗೆ ಯಾವ ಎಕ್ಸ್‌ಟೆನ್ಶನ್, ಹಳೆಯ ನಂಬರುಗಳನ್ನು ಹೊಸ ಸೇವೆಗೆ ಯಾವತ್ತು ವರ್ಗಾಯಿಸುವುದು, ಎಷ್ಟು ಹೆಡ್‌ಸೆಟ್ ಬೇಕು, ಯಾರಿಗೆ ಯಾವಾಗ ತರಬೇತಿ, ಎಲ್ಲ ಇತ್ತು. ಒಂದು ವಿಷಯ ಮಾತ್ರ ಎಲ್ಲೂ ಇರಲಿಲ್ಲ. ಇಪಿಎಬಿಎಕ್ಸ್ ಇದ್ದಾಗ ಪ್ರತಿ ಮೇಜಿಗೂ ಒಂದು ಜೋಡಿ ತಾಮ್ರದ ತಂತಿ ಬರುತ್ತಿತ್ತು, ಆ ತಂತಿಯಲ್ಲಿ ಮಾತು ಬಿಟ್ಟು ಬೇರೇನೂ ಓಡುತ್ತಿರಲಿಲ್ಲ. ಪಕ್ಕದ ಮೇಜಿನವರು ಎಷ್ಟು ದೊಡ್ಡ ಫೈಲ್ ಕಳಿಸಿದರೂ ಫೋನಿಗೆ ಅದರ ಗೊಡವೆಯಿರಲಿಲ್ಲ. ಹೊಸ ಏರ್ಪಾಟಿನಲ್ಲಿ ಮಾತಿಗಿದ್ದ ಆ ಸ್ವಂತ ದಾರಿ ಹೋಯಿತು. ಈಗ ಅದು ಫೈಲು, ವಿಡಿಯೋ, ಮೇಲ್, ಬ್ಯಾಕಪ್ ಎಲ್ಲದರ ಜೊತೆ ಒಂದೇ ದಾರಿಯಲ್ಲಿ ನುಗ್ಗಿಕೊಂಡು ಹೋಗಬೇಕು.

ಮೊದಲ ಎರಡು ವಾರ ತೊಂದರೆಯೇ ಇರಲಿಲ್ಲ. ಮೂರನೆಯ ವಾರದಿಂದ ದೂರು ಶುರು.

ನನ್ನ ಮೊದಲ ತಪ್ಪು

ಒಂದು ಕಡೆಯವರಿಗೆ ಮಾತ್ರ ಕೇಳಿಸುವುದಿಲ್ಲ ಎಂದರೆ ಈ ಕೆಲಸದಲ್ಲಿರುವ ಯಾರಿಗಾದರೂ ಮೊದಲು ಹೊಳೆಯುವುದು ನ್ಯಾಟ್ (ಒಳಗಿನ ವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ಏರ್ಪಾಟು) ಮತ್ತು ಬೇಡದ ಸಂಚಾರ ತಡೆಯುವ ಫೈರ್‌ವಾಲ್. ಇಂಟರ್‌ನೆಟ್ ಕರೆಯಲ್ಲಿ ಎರಡು ಭಾಗವಿರುತ್ತದೆ. ಕರೆ ಬಂತು, ಎತ್ತಿದರು, ಇಟ್ಟರು ಎಂಬ ಸಂಕೇತಗಳು ಒಂದು ದಾರಿಯಲ್ಲಿ. ಅದಕ್ಕೆ ಹೆಚ್ಚಾಗಿ ಬಳಸುವ ಎಸ್‌ಐಪಿ ಎಂಬ ಒಪ್ಪಂದದ (ಪ್ರೋಟೋಕಾಲ್) ಈಗಿನ ರೂಪ 2002ರದ್ದು. ಮಾತು ಇನ್ನೊಂದು ದಾರಿಯಲ್ಲಿ, ಆರ್‌ಟಿಪಿ ಎಂಬ ಒಪ್ಪಂದದ ಪ್ರಕಾರ, ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ. ಸಂಕೇತದೊಳಗೆ "ನನ್ನ ಮಾತನ್ನು ಈ ವಿಳಾಸಕ್ಕೆ ಕಳಿಸಿ" ಎಂದು ಬರೆದಿರುತ್ತದೆ. ಆ ವಿಳಾಸ ಕಚೇರಿಯ ಒಳಗಿನದಾಗಿದ್ದರೆ ಹೊರಗಿನವರಿಗೆ ಅದು ಸಿಗುವುದಿಲ್ಲ, ಮಾತು ಒಂದು ಕಡೆಗೆ ಬರುವುದೇ ಇಲ್ಲ. ಇದನ್ನು ಸರಿಪಡಿಸಲೆಂದೇ ಹಲವು ರೂಟರುಗಳಲ್ಲಿ ಎಸ್‌ಐಪಿ ಎಎಲ್‌ಜಿ ಎಂಬ ಸೌಲಭ್ಯ ಇರುತ್ತದೆ. ಅದು ಸಂಕೇತದೊಳಗೆ ಕೈಹಾಕಿ ವಿಳಾಸ ತಿದ್ದುತ್ತದೆ, ಅನೇಕ ಸಲ ತಪ್ಪಾಗಿಯೂ ತಿದ್ದುತ್ತದೆ. ಅದನ್ನು ಆಫ್ ಮಾಡಿದರೆ ಸರಿಹೋದ ಕಚೇರಿಗಳನ್ನು ನಾನೇ ಕಂಡಿದ್ದೇನೆ.

ಶುಕ್ರವಾರ ಸಂಜೆ ಹೋದೆ. ಎಎಲ್‌ಜಿ ಚಾಲೂ ಇತ್ತು. ಆಫ್ ಮಾಡಿದೆ, ನಾಲ್ಕು ಕರೆ ಮಾಡಿ ನೋಡಿದೆ, ನಾಲ್ಕೂ ಚೊಕ್ಕವಾಗಿ ಕೇಳಿದವು. ಶನಿವಾರವೂ ದೂರಿಲ್ಲ. ವ್ಯವಸ್ಥಾಪಕರಿಗೆ ಕೆಲಸ ಮುಗಿಯಿತು ಎಂದು ಬರೆದೆ.

ಸೋಮವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಮತ್ತೆ ಅದೇ.

ಎರಡು ಕಡೆ ಎಡವಿದ್ದೆ. ಶನಿವಾರ ಅಲ್ಲಿ ಕಾಲು ಭಾಗ ಜನವೂ ಇರುವುದಿಲ್ಲ, ಆ ದಿನದ ಮೌನಕ್ಕೆ ಅರ್ಥವಿಲ್ಲ ಎಂಬುದನ್ನು ನಾನು ಕೇಳಿ ತಿಳಿದುಕೊಳ್ಳಲಿಲ್ಲ. ಇನ್ನೊಂದು ಇದಕ್ಕಿಂತ ದೊಡ್ಡದು. ಒಂದು ಕಡೆಗೆ ಮಾತು ಏನೂ ಕೇಳಿಸದೇ ಇರುವುದು ಬೇರೆ, ಒಡೆದೊಡೆದು ಕೇಳುವುದು ಬೇರೆ. ವಿಳಾಸ ತಪ್ಪಿದ್ದರೆ ಒಂದು ಅಕ್ಷರವೂ ಕೇಳಬಾರದು. ಅರ್ಧ ಪದ ಕೇಳಿ ಅರ್ಧ ನುಂಗಿಹೋಗುತ್ತಿದೆ ಎಂದರೆ ವಿಳಾಸ ಸರಿಯಿದೆ, ದಾರಿಯಲ್ಲಿ ಏನೋ ಆಗುತ್ತಿದೆ. ಸಾಲದ್ದಕ್ಕೆ, ಆ ಸಾಫ್ಟ್‌ವೇರ್ ಸಂಕೇತಗಳನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತಿತ್ತು. ರೂಟರಿಗೆ ಅದನ್ನು ಓದಲೇ ಆಗದು ಎಂದಮೇಲೆ ತಿದ್ದುವುದೆಲ್ಲಿಂದ ಬಂತು? ಅನುಭವದ ಮೇಲಿನ ಭರವಸೆಯಲ್ಲಿ ನಾನು ಲಕ್ಷಣವನ್ನು ಪೂರ್ತಿ ಕೇಳಿಸಿಕೊಂಡಿರಲಿಲ್ಲ.

ಸ್ವಾಗತದ ಮೇಜಿನ ನೋಟ್‌ಬುಕ್ಕು

ಮಂಗಳವಾರ ಸರ್ವರ್ ಕೋಣೆಗೆ ಹೋಗುವ ಬದಲು ಸ್ವಾಗತದ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ದಿನವಿಡೀ ಕರೆ ತೆಗೆದುಕೊಳ್ಳುವವರು ಅಲ್ಲಿನ ಮೇಡಂ. ಹದಿನೈದು ನಿಮಿಷ ಕಳೆದ ಮೇಲೆ ಅವರೇ ಡ್ರಾಯರಿನಿಂದ ಒಂದು ಗೆರೆ ಹಾಕಿದ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು.

"ಸರ್, ಯಾರೂ ಕೇಳಲಿಲ್ಲ, ಆದ್ರೂ ಬರೆದಿಟ್ಟಿದೀನಿ. ಯಾವ ಕರೆ ಕೆಟ್ಟಿತು, ಎಷ್ಟು ಗಂಟೆಗೆ, ಯಾರಿಗೆ ಕೇಳಿಸಲಿಲ್ಲ ಅಂತ."

"ಯಾರಿಗೆ ಕೇಳಿಸಲಿಲ್ಲ ಅಂದ್ರೆ?"

"ನಮಗೆ ಅವರ ಮಾತು ಚೆನ್ನಾಗೇ ಕೇಳತ್ತೆ ಸರ್. ಅವರಿಗೇ ನಮ್ಮದು ತುಂಡು ತುಂಡಾಗಿ ಹೋಗೋದು. ಹಲೋ ಹಲೋ ಅಂತಾನೇ ಇರ್ತಾರೆ, ಆಮೇಲೆ ಇಟ್ಟುಬಿಡ್ತಾರೆ."

ಆ ನೋಟ್‌ಬುಕ್ಕಿನ ನಾಲ್ಕು ಪುಟಗಳು ನನ್ನ ಅಳತೆಯ ಉಪಕರಣಗಳಿಗಿಂತ ಹೆಚ್ಚು ಹೇಳಿದವು. ಕೆಟ್ಟ ಕರೆಗಳು ಎರಡು ಹೊತ್ತಿನಲ್ಲಿ ಗುಂಪುಗೂಡಿದ್ದವು: ಬೆಳಿಗ್ಗೆ ಹತ್ತು ದಾಟಿದ ಮೇಲೆ ಸುಮಾರು ಒಂದು ಗಂಟೆ, ಮಧ್ಯಾಹ್ನ ಮೂರೂವರೆಯ ನಂತರ ಅಷ್ಟೇ ಹೊತ್ತು. ಹೆಚ್ಚುಕಡಿಮೆ ಎಲ್ಲದರಲ್ಲೂ ಹೊರಗಿನವರಿಗೆ ಕೇಳಿಸಿಲ್ಲ. ಒಳಗೊಳಗಿನ ಎಕ್ಸ್‌ಟೆನ್ಶನ್ ಕರೆಗಳ ಬಗ್ಗೆ ಒಂದೂ ದೂರಿಲ್ಲ. ಆ ಕರೆಗಳಲ್ಲಿ ಮಾತು ಕಚೇರಿಯೊಳಗೇ ನೇರವಾಗಿ ಹೋಗುತ್ತಿತ್ತು ಎಂಬುದು ಆಮೇಲೆ ಖಚಿತವಾಯಿತು.

ಕರೆಯಲ್ಲಿ ನಾವು ಕೇಳುವುದು ಅವರು ಕಳಿಸಿದ್ದನ್ನು, ಅವರು ಕೇಳುವುದು ನಾವು ಕಳಿಸಿದ್ದನ್ನು. ಅವರಿಗೆ ಒಡೆದು ಕೇಳುತ್ತಿದೆ ಎಂದರೆ ಕೆಟ್ಟಿರುವುದು ನಮ್ಮಿಂದ ಹೊರಹೋಗುವ ದಾರಿ, ಅಂದರೆ ಅಪ್‌ಲೋಡ್. ಈ ಸರಳ ಸಂಗತಿ ದೂರು ಕೊಡುವಾಗ ತಲೆಕೆಳಗಾಗಿಬಿಡುತ್ತದೆ. ತೊಂದರೆ ಅನುಭವಿಸುವವರು ಹೊರಗಿರುತ್ತಾರೆ, ಕಚೇರಿಯೊಳಗಿನವರಿಗೆ ಅದು ಕೇಳುವುದೇ ಇಲ್ಲ. ಮಹಡಿಯಲ್ಲಿ ಕೆಲವರು "ನಮಗೇನೂ ತೊಂದರೆ ಇಲ್ಲ" ಎಂದದ್ದೂ ಇದಕ್ಕೇ.

ವೇಗ ಇದ್ದೂ ತಡ

ಇಂಟರ್‌ನೆಟ್ ಕೊಟ್ಟವರ ಕಡೆಯವರು ಆಗಲೇ ಬಂದು ಸ್ಪೀಡ್ ಟೆಸ್ಟ್ ಮಾಡಿ ಹೋಗಿದ್ದರು. ಡೌನ್‌ಲೋಡ್ 100 ಎಂಬಿಪಿಎಸ್, ಅಪ್‌ಲೋಡ್ 20. ಕೊಡಬೇಕಾದ್ದನ್ನು ಕೊಟ್ಟಿದ್ದಾರೆ. ಆ ಚೀಟಿ ಹಿಡಿದು ವ್ಯವಸ್ಥಾಪಕರು ಕೇಳಿದರು, "ಇಷ್ಟಿದ್ರೂ ಮಾತು ಹೋಗಲ್ಲ ಅಂದ್ರೆ ಸಾಫ್ಟ್‌ವೇರಿಂದೇ ತಾನೇ ತಪ್ಪು?"

ಲೆಕ್ಕ ಹಾಕಿ ತೋರಿಸಿದೆ. ಫೋನ್ ಜಗತ್ತಿನ ಹಳೆಯ ಕೋಡೆಕ್ (ದನಿಯನ್ನು ಅಂಕಿಗಳಾಗಿಸುವ ವಿಧಾನ) ಜಿ.711 ಅನ್ನೇ ತೆಗೆದುಕೊಳ್ಳೋಣ. ಅದು ಸೆಕೆಂಡಿಗೆ 8000 ಸಲ ದನಿಯನ್ನು ಅಳೆದು, ಪ್ರತಿ ಅಳತೆಗೆ 8 ಬಿಟ್ ಇಟ್ಟು, 64 ಕೆಬಿಪಿಎಸ್ ಮಾಡುತ್ತದೆ. 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್ಟಿನಂತೆ ಸೆಕೆಂಡಿಗೆ 50 ಪ್ಯಾಕೆಟ್. ಒಂದೊಂದರಲ್ಲಿ 160 ಬೈಟ್ ಮಾತು, ಅದರ ಮೇಲೆ ವಿಳಾಸ, ಕ್ರಮಸಂಖ್ಯೆ ಇತ್ಯಾದಿಗೆ 40 ಬೈಟ್. ಒಟ್ಟು 80 ಕೆಬಿಪಿಎಸ್. ಇಪ್ಪತ್ತು ಜನ ಒಟ್ಟಿಗೆ ಮಾತಾಡಿದರೂ 1.6 ಎಂಬಿಪಿಎಸ್, ಇರುವ 20ರಲ್ಲಿ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. 2012ರಲ್ಲಿ ಬಂದ ಓಪಸ್‌ನಂಥ ಹೊಸ ಕೋಡೆಕ್ಕುಗಳಿಗೆ ಇದಕ್ಕಿಂತಲೂ ಕಡಿಮೆ ಸಾಕು. ಹಾಗಾದರೆ ಜಾಗದ ಕೊರತೆ ಇಲ್ಲ. ಅಲ್ಲಿಗೆ ವ್ಯವಸ್ಥಾಪಕರ ವಾದ ಇನ್ನಷ್ಟು ಗಟ್ಟಿಯಾದಂತೆ ಕಂಡಿತು.

ಆದರೆ ಸ್ಪೀಡ್ ಟೆಸ್ಟ್ ಹೇಳುವುದು ಹತ್ತಿಪ್ಪತ್ತು ಸೆಕೆಂಡಿನಲ್ಲಿ ಎಷ್ಟು ಸರಕು ಸಾಗಿತು ಎಂದು ಮಾತ್ರ. ಒಂದೊಂದು ಪ್ಯಾಕೆಟ್ ಎಷ್ಟು ಹೊತ್ತು ಕಾದು ನಿಂತಿತು ಎಂದು ಅದರ ದೊಡ್ಡ ಅಂಕಿಯಲ್ಲಿ ಕಾಣುವುದಿಲ್ಲ. ಮಾತಿಗೆ ಬೇಕಾದದ್ದು ಈ ಎರಡನೆಯದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಬಾಯಿಂದ ಕಿವಿಗೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗಿದ್ದರೆ ಹೆಚ್ಚಿನ ಬಳಕೆಗೆ ತೊಂದರೆಯಿಲ್ಲ, 400 ಮೀರಬಾರದು. ಮೆಸೇಜು ಎರಡು ಸೆಕೆಂಡ್ ತಡವಾಗಿ ತಲುಪಿದರೆ ಯಾರೂ ಗಮನಿಸುವುದಿಲ್ಲ. ಮಾತಿನ ತುಣುಕು ಅರ್ಧ ಸೆಕೆಂಡ್ ತಡವಾದರೆ ಅದರ ಸರದಿ ಮುಗಿದುಹೋಗಿರುತ್ತದೆ, ಆ ಕಡೆಯ ಸಾಫ್ಟ್‌ವೇರ್ ಅದನ್ನು ಬಿಸಾಡುತ್ತದೆ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೇ ಲ್ಯಾಪ್‌ಟಾಪ್ ಸಿಕ್ಕಿಸಿ ಹೊರಗಿನ ಒಂದು ಸರ್ವರಿಗೆ ಬಿಡದೆ ಪಿಂಗ್ (ಸಣ್ಣ ಪ್ಯಾಕೆಟ್ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಪರೀಕ್ಷೆ) ಹಚ್ಚಿದೆ. ಹೋಗಿ ಬರಲು 18, 17, 19 ಮಿಲಿಸೆಕೆಂಡ್. ಹತ್ತು ಗಂಟೆಗೂ ಹಾಗೇ. ಹತ್ತೂ ಎಂಟಕ್ಕೆ 90 ಆಯಿತು. ಆಮೇಲೆ 240, 410, ಇದ್ದಕ್ಕಿದ್ದಂತೆ 130, ಮತ್ತೆ 520, ನಡುವೆ ಎರಡು ಉತ್ತರವೇ ಇಲ್ಲ. ಅದೇ ಹೊತ್ತಿಗೆ ಸ್ವಾಗತದ ಮೇಜಿನಿಂದ ಮೇಡಂ ನನ್ನ ಕಡೆ ತಿರುಗಿ ಫೋನು ಎತ್ತಿ ತೋರಿಸಿದರು.

ನಡೆಯುತ್ತಿದ್ದುದು ಇಷ್ಟು. ಕಚೇರಿಯೊಳಗಿನ ತಂತಿ ವೇಗದ್ದು, ಹೊರಗಿನ ಕೊಂಡಿ 20 ಎಂಬಿಪಿಎಸ್. ಎರಡೂ ಸೇರುವ ಕಡೆ ಇರುವ ಮೋಡೆಮ್ಮಿನಲ್ಲಿ ಹೆಚ್ಚುವರಿ ಪ್ಯಾಕೆಟ್ಟುಗಳು ಸಾಲು ನಿಲ್ಲಲು ಬಫರ್ ಎಂಬ ಜಾಗವಿರುತ್ತದೆ. ಆ ಸಾಲಿನಲ್ಲಿ ಹತ್ತು ಲಕ್ಷ ಬೈಟ್ ನಿಂತಿತು ಎನ್ನಿ. 20 ಎಂಬಿಪಿಎಸ್‌ನಲ್ಲಿ ಅದು ಕರಗಲು 400 ಮಿಲಿಸೆಕೆಂಡ್ ಬೇಕು. ಅದರ ಹಿಂದೆ ಬಂದು ನಿಂತ 200 ಬೈಟಿನ ಮಾತಿನ ಪ್ಯಾಕೆಟ್ಟಿಗೂ ಅಷ್ಟೇ ಕಾಯುವಿಕೆ. ಈ ಕಾಯಿಲೆಗೆ 'ಬಫರ್‌ಬ್ಲೋಟ್' ಎಂಬ ಹೆಸರನ್ನು ಬಳಕೆಗೆ ತಂದವರು ಜಿಮ್ ಗೆಟ್ಟಿಸ್, 2010ರ ಸುಮಾರಿಗೆ. ಪ್ಯಾಕೆಟ್ ಕಳೆದುಹೋಗಬಾರದೆಂದು ಉಪಕರಣ ಮಾಡುವವರು ದೊಡ್ಡ ಬಫರ್ ಕೊಟ್ಟರು, ಆ ದೊಡ್ಡತನವೇ ಮಾತಿಗೆ ಮುಳುವಾಯಿತು.

ತಡ ಒಂದೇ ಸಮನಾಗಿದ್ದಿದ್ದರೆ ಮಾತು ಒಡೆಯುತ್ತಿರಲಿಲ್ಲ. ಕೇಳುವ ಕಡೆ ಜಿಟರ್ ಬಫರ್ ಎಂಬ ಸಣ್ಣ ಕಣಜವಿದೆ, ಪ್ಯಾಕೆಟ್ಟುಗಳನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು ಸಮ ಅಂತರದಲ್ಲಿ ಬಿಡುವುದು ಅದರ ಕೆಲಸ. ಏರಿಳಿತ ಕಡಿಮೆಯಿದ್ದರೆ ಅದು ಸಂಭಾಳಿಸುತ್ತದೆ. ಒಂದೆರಡು ಪ್ಯಾಕೆಟ್ ಕಳೆದರೆ ಆ ಕಡೆಯ ಸಾಫ್ಟ್‌ವೇರ್ ಹಿಂದುಮುಂದಿನ ದನಿ ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ, ಕಿವಿಗೆ ಗೊತ್ತೇ ಆಗುವುದಿಲ್ಲ. ಆದರೆ 130ರಿಂದ 520ಕ್ಕೆ ಜಿಗಿದು ಮತ್ತೆ ಕೆಳಗಿಳಿಯುವ ತಡವನ್ನು ಯಾವ ಕಣಜವೂ ಸರಿದೂಗಿಸಲಾರದು.

ಸಾಲು ಕಟ್ಟಿಸುತ್ತಿದ್ದವರು ಯಾರು

ಎಲ್ಲರ ಅನುಮಾನ ವಿಡಿಯೋ ಮೀಟಿಂಗಿನ ಮೇಲಿತ್ತು. ಹತ್ತು ಗಂಟೆಗೆ ವಿನ್ಯಾಸದವರ ದಿನದ ಮೀಟಿಂಗ್ ಇದ್ದದ್ದೂ ನಿಜ. ಆದರೆ ರೂಟರಿನ ಅಂಕಿ ತೆಗೆದು ನೋಡಿದಾಗ ವಿಡಿಯೋದ ಪಾಲು ಹತ್ತೂ ಎಂಟರ ನಂತರ ಇಳಿದಿತ್ತು. ಈ ಸಾಫ್ಟ್‌ವೇರುಗಳ ವಿಡಿಯೋ ಭಾಗ ತಡ ಏರಿದ್ದನ್ನು ಗಮನಿಸಿ ತಾನೇ ಚಿತ್ರದ ಗುಣಮಟ್ಟ ಇಳಿಸಿಕೊಂಡು ಜಾಗ ಬಿಡುತ್ತದೆ. ಚಿತ್ರ ಮಸುಕಾದರೆ ಯಾರೂ ದೂರು ಬರೆಯುವುದಿಲ್ಲ. ಮಾತಿನ ಪ್ಯಾಕೆಟ್ ಆಗಲೇ ಸಣ್ಣದು, ಅದಕ್ಕೆ ಇಳಿಸಿಕೊಳ್ಳಲು ಹೆಚ್ಚು ಉಳಿದಿರುವುದಿಲ್ಲ.

ಜಾಗ ಬಿಡದವರು ಫೈಲುಗಳು. ಫೈಲ್ ಕಳಿಸಲು ಬಳಸುವ ಟಿಸಿಪಿ ಎಂಬ ಒಪ್ಪಂದದ ಸಾಮಾನ್ಯ ಗುಣವೇ ಅದು: ಪ್ಯಾಕೆಟ್ ಕಳೆದುಹೋಗುವವರೆಗೂ ವೇಗ ಹೆಚ್ಚಿಸುತ್ತಾ ಹೋಗುತ್ತದೆ, ಕಳೆದಾಗ ಹಿಂದೆ ಸರಿಯುತ್ತದೆ, ಮತ್ತೆ ಏರುತ್ತದೆ. ಬಫರ್ ತುಂಬಿ ತುಳುಕಿದಾಗಲೇ ಅದಕ್ಕೆ ಎಚ್ಚರ. ಅಷ್ಟರಲ್ಲಿ ಸಾಲು ಉದ್ದವಾಗಿರುತ್ತದೆ. ಪಿಂಗಿನಲ್ಲಿ ಕಂಡ ಗರಗಸದಂಥ ಏರಿಳಿತ ಇದೇ.

ಯಾವ ಫೈಲುಗಳು? ಎರಡನೆಯ ವಾರದ ಕೊನೆಗೆ ಕಚೇರಿಯವರು ಹಳೆಯ ಫೈಲ್ ಸರ್ವರನ್ನು ಮುಚ್ಚಿ, ಎಲ್ಲ ತಂಡಗಳ ಫೋಲ್ಡರುಗಳನ್ನು ಹೊಸ ಸಾಫ್ಟ್‌ವೇರಿನ ಚಾನೆಲ್ಲುಗಳಿಗೆ ಸೇರಿಸಿದ್ದರು. ಪ್ರತಿ ಲ್ಯಾಪ್‌ಟಾಪಿನಲ್ಲೂ ಸಿಂಕ್ ಚಾಲೂ ಆಗಿತ್ತು. ಬೆಳಿಗ್ಗೆ ಎಲ್ಲರೂ ಬಂದು ಲ್ಯಾಪ್‌ಟಾಪ್ ತೆರೆದೊಡನೆ ಹಿಂದಿನ ಸಂಜೆ ಹೊರಗಡೆ ಕೂತು ಮಾಡಿದ ಕೆಲಸವೆಲ್ಲ ಒಟ್ಟಿಗೆ ಮೇಲೆ ಹೋಗುತ್ತಿತ್ತು. ಮಧ್ಯಾಹ್ನ ಮೂರೂವರೆಗೆ ವಿನ್ಯಾಸದವರು ಆ ದಿನದ ದೊಡ್ಡ ಫೈಲುಗಳನ್ನು ಉಳಿಸುತ್ತಿದ್ದರು, ಮತ್ತೆ ಅದೇ. ಮೊದಲೆಲ್ಲ ಆ ಫೈಲುಗಳು ಕಚೇರಿಯೊಳಗಿನ ತಂತಿಯಲ್ಲೇ ಓಡಾಡುತ್ತಿದ್ದವು, ಹೊರಗಿನ ಕೊಂಡಿಯನ್ನು ಮುಟ್ಟುತ್ತಿರಲಿಲ್ಲ.

ಅಂದರೆ ಮಾತನ್ನು ಒಡೆಯುತ್ತಿದ್ದುದು ಅದೇ ಸಾಫ್ಟ್‌ವೇರಿನ ಇನ್ನೊಂದು ಭಾಗ. ನನಗೆ ಈ ಪ್ರಕರಣದಲ್ಲಿ ಮುಖ್ಯವಾಗಿ ಕಂಡದ್ದು ಇದು. ಕಿಟಕಿ ಒಂದಾಗಿದೆ, ಲೈಸೆನ್ಸ್ ಒಂದಾಗಿದೆ, ಬಿಲ್ಲು ಒಂದಾಗಿದೆ. ಒಳಗಿರುವ ಮೆಸೇಜು, ಫೈಲು, ಚಿತ್ರ, ಮಾತು ನಾಲ್ಕರ ಸ್ವಭಾವ ಒಂದಾಗಿಲ್ಲ. ಕಾಯಬಲ್ಲದ್ದು ಯಾವುದು, ಕಾಯಲಾರದ್ದು ಯಾವುದು ಎಂದು ದಾರಿಗೆ ತಿಳಿಸಿಕೊಡುವ ಕೆಲಸ ಕೊಂಡವರ ಪಾಲಿಗೇ ಉಳಿದಿದೆ. ಬೇರೆ ಕಂಪನಿಯ ಸಾಫ್ಟ್‌ವೇರ್ ತಂದಿದ್ದರೆ ಎರಡು ವಾರ ಚೆನ್ನಾಗಿ ನಡೆದು, ಫೋಲ್ಡರುಗಳು ಸೇರಿದ ದಿನ ಇದೇ ಗತಿಯಾಗುತ್ತಿತ್ತು.

ಕೊಂಡಿಯ ವೇಗ ಹೆಚ್ಚಿಸೋಣವೇ ಎಂದು ವ್ಯವಸ್ಥಾಪಕರು ಕೇಳಿದರು. ಹೆಚ್ಚಿಸಿದರೆ ಸಾಲು ಬೇಗ ಕರಗುತ್ತದೆ, ಕೆಟ್ಟ ಗಂಟೆ ಕೆಟ್ಟ ಅರ್ಧ ಗಂಟೆಯಾಗುತ್ತದೆ. ಟಿಸಿಪಿ ಮಾತ್ರ ಎಷ್ಟು ಕೊಟ್ಟರೂ ತುಂಬಿಯೇ ನೋಡುತ್ತದೆ. ಮೊದಲು ಸಾಲನ್ನು ಸರಿ ಮಾಡೋಣ, ಆಮೇಲೂ ಬೇಕೆನಿಸಿದರೆ ವೇಗ ಕೊಳ್ಳಿ ಎಂದೆ.

ಮಾಡಿದ್ದು ಮುಖ್ಯವಾಗಿ ಒಂದೇ ಕೆಲಸ. ಸಾಲು ಮೋಡೆಮ್ಮಿನಲ್ಲಿ ಕಟ್ಟುತ್ತಿತ್ತು, ಅದರ ಮೇಲೆ ನಮಗೆ ಹಿಡಿತವಿರಲಿಲ್ಲ. ನಮ್ಮ ರೂಟರಿನಲ್ಲಿ ಅಪ್‌ಲೋಡನ್ನು 18 ಎಂಬಿಪಿಎಸ್‌ಗೆ ಕಟ್ಟಿಹಾಕಿದೆ. ಕೊಂಡಿಯ ಮಿತಿಗಿಂತ ತುಸು ಕಡಿಮೆ ಬಿಟ್ಟರೆ ಮೋಡೆಮ್ಮಿನಲ್ಲಿ ಸಾಲೇ ಆಗುವುದಿಲ್ಲ, ಸಾಲು ರೂಟರಿಗೆ ಹಿಂದೆ ಸರಿಯುತ್ತದೆ, ಅಲ್ಲಿ ನಮ್ಮ ನಿಯಮ ನಡೆಯುತ್ತದೆ. ಅಲ್ಲಿ ಎಫ್‌ಕ್ಯೂ-ಕೋಡೆಲ್ ಎಂಬ ವಿಧಾನ ಚಾಲೂ ಮಾಡಿದೆ. ಅದರ ತಿರುಳಾದ ಕೋಡೆಲ್ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೊಟ್ಟದ್ದು. ಸಾಲು ಎಷ್ಟು ಉದ್ದವಿದೆ ಎಂಬುದನ್ನು ಬಿಟ್ಟು ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂಬುದನ್ನು ಅದು ನೋಡುತ್ತದೆ; ಕಾಯುವಿಕೆ ಸುಮಾರು 5 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಮೇಲೆಯೇ ಉಳಿದರೆ ಒಂದೊಂದು ಪ್ಯಾಕೆಟ್ ಬೀಳಿಸಿ ಟಿಸಿಪಿಗೆ ಬೇಗನೆ ಎಚ್ಚರಿಕೆ ಕೊಡುತ್ತದೆ. ಜೊತೆಗೆ ಒಂದೊಂದು ಹರಿವಿಗೂ (ಒಂದು ಕರೆಯ ಅಥವಾ ಒಂದು ಫೈಲಿನ ಪ್ಯಾಕೆಟ್ಟುಗಳ ಸರಣಿಗೂ) ಬೇರೆ ಬೇರೆ ಸಾಲು, ಆದ್ದರಿಂದ ಒಂದು ದೊಡ್ಡ ಫೈಲು ನೂರು ಸಣ್ಣ ಮಾತುಗಳ ಮುಂದೆ ಅಡ್ಡ ನಿಲ್ಲುವಂತಿಲ್ಲ. ಎರಡು ತಾಸಿನ ಕೆಲಸ. ಇಷ್ಟಕ್ಕೇ ಮರುದಿನ ಹತ್ತೂಕಾಲಿಗೆ ಪಿಂಗ್ 30ರ ಆಸುಪಾಸಿನಲ್ಲಿ ನಿಂತಿತು.

ಮಾತಿನ ಪ್ಯಾಕೆಟ್ಟುಗಳ ಮೇಲೆ ಆದ್ಯತೆಯ ಗುರುತು ಹಾಕುವ ಕೆಲಸವನ್ನೂ ಮಾಡಿದೆವು. ಡಿಎಸ್‌ಸಿಪಿ ಎಂಬ ಈ ಗುರುತಿನಲ್ಲಿ ಮಾತಿಗೆ ವಾಡಿಕೆಯ ಅಂಕಿ 46. ಸಾಫ್ಟ್‌ವೇರಿನಲ್ಲಿ ಅದಕ್ಕೆ ಅವಕಾಶವಿತ್ತು, ಯಾರೂ ಚಾಲೂ ಮಾಡಿರಲಿಲ್ಲ. ಕಂಪ್ಯೂಟರುಗಳಲ್ಲೂ ನೀತಿ ಹಾಕಬೇಕಾಯಿತು. ಇದರಿಂದ ಒಳಗಿನ ಸ್ವಿಚ್ಚುಗಳಲ್ಲಿ, ವೈ-ಫೈನಲ್ಲಿ ಪ್ರಯೋಜನವಿದೆ. ಕಚೇರಿಯ ಹೊಸ್ತಿಲು ದಾಟಿ ಸಾರ್ವಜನಿಕ ಇಂಟರ್‌ನೆಟ್ಟಿಗೆ ಹೋದ ಮೇಲೆ ಆ ಗುರುತಿಗೆ ಸಾಮಾನ್ಯವಾಗಿ ಬೆಲೆಯಿಲ್ಲ. ಗುರುತು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿ ಸಾಲನ್ನು ಮುಟ್ಟದೇ ಬಿಡುವವರನ್ನು ನೋಡಿದಾಗ ನನಗೆ ಬೇಸರವಾಗುತ್ತದೆ.

ವಿನ್ಯಾಸದವರ ಫೈಲುಗಳು ಈಗ ತುಸು ನಿಧಾನ ಹೋಗುತ್ತವೆ. ಅವರಿಗೆ ಮೊದಲೇ ಕಾರಣ ಹೇಳಿದ್ದರಿಂದ ತಕರಾರು ಬರಲಿಲ್ಲ.

ಮನೆಯಿಂದ ಮಾತಾಡುವವರು

ಗುರುವಾರ ಸಂಜೆಯ ಹೊತ್ತಿಗೆ ಮಹಡಿಯ ದೂರುಗಳು ನಿಂತವು. ಉಳಿದವರು ಮನೆಯಿಂದ ಕೆಲಸ ಮಾಡುವ ಆರು ಜನ. ಅವರದ್ದು ಬೇರೆಯದೇ ಕಥೆ. ಅವರ ಲ್ಯಾಪ್‌ಟಾಪಿನಿಂದ ಹೊರಡುವುದೆಲ್ಲವೂ ವಿಪಿಎನ್ ಎಂಬ ಗುಪ್ತ ಸುರಂಗದೊಳಗೆ ಕಚೇರಿಗೆ ಬಂದು, ಅಲ್ಲಿಂದ ಸಾಫ್ಟ್‌ವೇರಿನ ಸರ್ವರಿಗೆ ಹೋಗಬೇಕಿತ್ತು. ಅದು ಸುತ್ತುದಾರಿ ಮಾತ್ರವಲ್ಲ, ಆ ಸುರಂಗ ಟಿಸಿಪಿ ಮೇಲೆ ನಡೆಯುತ್ತಿತ್ತು. ಮಾತನ್ನು ಯುಡಿಪಿ ಎಂಬ ಬೇರೆ ಒಪ್ಪಂದದಲ್ಲಿ ಕಳಿಸುವುದಕ್ಕೆ ಕಾರಣವೇ ಕಳೆದ ಪ್ಯಾಕೆಟ್ಟಿಗೆ ಕಾಯದೆ ಮುಂದೆ ಸಾಗುವುದು. ಟಿಸಿಪಿ ಹಾಗೆ ಮಾಡುವುದಿಲ್ಲ. ಒಂದು ಕಳೆದರೆ ಅದು ಮತ್ತೆ ಬರುವವರೆಗೂ ಹಿಂದಿನದೆಲ್ಲವನ್ನೂ ತಡೆದು ನಿಲ್ಲಿಸುತ್ತದೆ, ಆಮೇಲೆ ಎಲ್ಲವನ್ನೂ ಒಮ್ಮೆಗೇ ಸುರಿಯುತ್ತದೆ. ಕೇಳುವವರಿಗೆ ಒಂದು ಕ್ಷಣ ಮೌನ, ಆಮೇಲೆ ಅವಸರದ ಗಡಗಡ ಮಾತು.

ಮಾತು ಮತ್ತು ವಿಡಿಯೋವನ್ನು ಸುರಂಗದ ಹೊರಗೆ ನೇರವಾಗಿ ಬಿಡಬೇಕೆಂದೆ. ಭದ್ರತೆ ನೋಡಿಕೊಳ್ಳುವ ಮೇಡಂ ಒಪ್ಪಲಿಲ್ಲ.

"ಸುರಂಗದಿಂದ ಹೊರಗೆ ಬಿಡೋದಕ್ಕೆ ನಾನು ಸಹಿ ಹಾಕಲ್ಲ ಸರ್. ಗ್ರಾಹಕರ ಮಾತು ಅದು."

ಅವರು ಹಾಗೆ ಹಟ ಹಿಡಿದದ್ದು ನನಗೆ ಒಳ್ಳೆಯದೇ ಎನಿಸಿತು. ಗ್ರಾಹಕರು ನಂಬಿ ಹೇಳಿಕೊಂಡ ಮಾತನ್ನು ಕಾಯಲು ಒಬ್ಬರಾದರೂ ಅಲ್ಲಿ ನಿಂತಿದ್ದರು. ನನ್ನ ವಾದ ಬದಿಗಿಟ್ಟು ತೋರಿಸುವುದೇ ಸರಿಯೆಂದು, ಅವರ ಎದುರೇ ಒಂದು ಕರೆಯ ಪ್ಯಾಕೆಟ್ಟುಗಳನ್ನು ಹಿಡಿದು ತೆರೆದೆ. ಮಾತು ಸಾಫ್ಟ್‌ವೇರಿನಿಂದ ಹೊರಡುವಾಗಲೇ ಎಸ್‌ಆರ್‌ಟಿಪಿ (ಆರ್‌ಟಿಪಿಯ ಸುರಕ್ಷಿತ ರೂಪ) ಪ್ರಕಾರ ಎನ್‌ಕ್ರಿಪ್ಟ್ ಆಗಿರುತ್ತದೆ. 2004ರಿಂದ ಇರುವ ಒಪ್ಪಂದ. ಹಿಡಿದ ಪ್ಯಾಕೆಟ್ಟುಗಳಿಂದ ದನಿ ಮರಳಿ ಕಟ್ಟಲು ಅವರೇ ಪ್ರಯತ್ನಿಸಿದರು, ಬರೀ ಗೊರಗೊರ ಸದ್ದು ಬಂತು. ಆಗ ಸಹಿ ಹಾಕಿದರು, ಒಂದು ಷರತ್ತಿನ ಮೇಲೆ: ಸಾಫ್ಟ್‌ವೇರ್ ಕಂಪನಿ ಪ್ರಕಟಿಸಿದ, ಮಾತು ಮತ್ತು ವಿಡಿಯೋ ಸಾಗಿಸುವ ಸರ್ವರುಗಳ ವಿಳಾಸಗಳಿಗೆ ಮಾತ್ರ, ಆ ಕಂಪನಿ ಹೇಳಿದ ಯುಡಿಪಿ ಪೋರ್ಟುಗಳಿಗೆ ಮಾತ್ರ. ಮೆಸೇಜು, ಫೈಲು ಎಂದಿನಂತೆ ಸುರಂಗದಲ್ಲೇ. ಕಾಯಬಲ್ಲವು ಅವು, ಕಾಯಲಿ.

ಆ ಷರತ್ತು ನನಗೆ ಹೊಳೆದಿರಲಿಲ್ಲ. ನಾನು ಬರೆದುಕೊಂಡು ಹೋಗಿದ್ದ ನಿಯಮಕ್ಕಿಂತ ಅವರದ್ದು ಬಿಗಿಯಾಗಿತ್ತು. ಈಗ ಎಲ್ಲ ಕಡೆ ಅದನ್ನೇ ಬಳಸುತ್ತೇನೆ.

ಕರೆಂಟ್ ಹೋದರೆ?

ಹೊರಡುವ ಮುನ್ನ ಸ್ವಾಗತದ ಮೇಡಂ ಕೇಳಿದ ಪ್ರಶ್ನೆ ಯೋಜನೆಯ ಕಡತದಲ್ಲಿ ಇರಬೇಕಿತ್ತು. "ಸರ್, ಮೊದಲು ಕರೆಂಟ್ ಹೋದ್ರೂ ಫೋನ್ ನಡೀತಿತ್ತು. ಈಗ?"

ಹೊರಗಿನಿಂದ ಬರುವ ನೇರ ಲೈನಿನ ಹಳೆಯ ಫೋನಿಗೆ ವಿದ್ಯುತ್ತು ದೂರವಾಣಿ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ ತಾಮ್ರದ ತಂತಿಯಲ್ಲೇ ಬರುತ್ತಿತ್ತು. ಹೊಸದರಲ್ಲಿ ಸ್ವಿಚ್, ರೂಟರ್, ಮೋಡೆಮ್ ಮೂರರಲ್ಲಿ ಒಂದು ಆರಿದರೂ ಕಚೇರಿಯ ಎಲ್ಲ ಫೋನೂ ಮೂಕ. ಬೆಂಕಿ ಬಿದ್ದಾಗ, ಯಾರಿಗಾದರೂ ಆರೋಗ್ಯ ಕೆಟ್ಟಾಗ ಕರೆ ಮಾಡಬೇಕಾದದ್ದು ಇಂಥ ಹೊತ್ತಿನಲ್ಲೇ. ಆ ಮೂರನ್ನೂ ಯುಪಿಎಸ್‌ಗೆ (ಕರೆಂಟ್ ಹೋದಾಗ ನಡೆಸುವ ಬ್ಯಾಟರಿಗೆ) ಜೋಡಿಸಿ, ಹಳೆಯ ತಾಮ್ರದ ಲೈನುಗಳಲ್ಲಿ ಒಂದನ್ನು ರದ್ದು ಮಾಡದೆ ಸ್ವಾಗತದ ಮೇಜಿಗೆ ಉಳಿಸಿಕೊಂಡೆವು. ಒಂದು ವಾರ ತಡವಾಗಿದ್ದರೆ ಆ ಲೈನೂ ರದ್ದಾಗುತ್ತಿತ್ತು.

ಸಾಫ್ಟ್‌ವೇರ್ ಬದಲಿಸುವ ಪ್ರಸ್ತಾಪ ಹಿಂದೆ ಹೋಯಿತು. ಮೇಲಿನವರಿಗೆ ಕೊಡಬೇಕಿದ್ದ ವರದಿಯಲ್ಲಿ ನಾನು ಆ ನೋಟ್‌ಬುಕ್ಕಿನ ನಾಲ್ಕು ಪುಟಗಳ ನಕಲನ್ನೇ ಮೊದಲಿಗೆ ಲಗತ್ತಿಸಿದೆ, ಪಿಂಗಿನ ನಕ್ಷೆ ಅದರ ಹಿಂದೆ.

ತಿಂಗಳ ನಂತರ ಮತ್ತೊಂದು ಕೆಲಸಕ್ಕೆ ಅಲ್ಲಿಗೆ ಹೋದಾಗ ಮೇಡಂ ಇನ್ನೂ ಬರೆಯುತ್ತಿದ್ದರು. ಪುಟದಲ್ಲಿ ಸಾಲುಗಳು ಬೆರಳೆಣಿಕೆಯಷ್ಟು, ಎಲ್ಲವೂ ಒಂದೇ ಗ್ರಾಹಕರ ನಂಬರಿನದ್ದು. ಈ ಸಲ ಅವರಿಗೆ ನಮ್ಮ ಮಾತು ಚೆನ್ನಾಗಿ ಕೇಳುತ್ತಿತ್ತು, ನಮಗೆ ಅವರದ್ದು ಒಡೆಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಮೇಡಂ ಹೇಳಿದರು:

"ಇದು ಅವರ ಅಪ್‌ಲೋಡು ಸರ್. ಅವರ ಕಚೇರಿಯವರಿಗೆ ಹೇಳಿದೀನಿ, ಹನ್ನೊಂದು ಗಂಟೆಗೆ ಯಾವ ಫೈಲ್ ಮೇಲೆ ಹೋಗ್ತಿದೆ ನೋಡಿ ಅಂತ."